ಕ್ಯಾಂಶಾಫ್ಟ್ ಬಿಚ್ಚುವಾಗ ಕ್ಯಾಪ್ ಒಡೆಯುವುದು ಯಾಕೆ?

ಪ್ರಶ್ನೆ: ತಿಪಟೂರಿನಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಮಾರುತಿ 800, ಓಮ್ನಿ ಹೆಡ್ ಕೆಲಸ ಬೇಕಾದಷ್ಟು ಮಾಡಿದ್ದೇನೆ. ಈಗ ಗ್ರಾಹಕರೊಬ್ಬರು 2006ರ ಟೊಯೊಟಾ ಕೊರೊಲಾ 1.8 ಪೆಟ್ರೋಲ್ ಗಾಡಿ ತಂದು ಬಿಟ್ಟಿದ್ದಾರೆ. ಎಲ್‌ಪಿಜಿ ಕಿಟ್ ಹಾಕಿಸಿ ವರ್ಷಗಳಾಗಿವೆ. ಟ್ಯಾಪೆಟ್ ಸೌಂಡ್ ಬರುತ್ತಿದೆ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಮಿಸ್ ಕೂಡ ಹೊಡೆಯುತ್ತದೆ. ಇದರಲ್ಲಿ ಅಡ್ಜಸ್ಟ್ ಮಾಡಲು ಸ್ಕ್ರೂ ಇಲ್ಲ, ಎರಡೂ ಕ್ಯಾಂಶಾಫ್ಟ್ ಬಿಚ್ಚಲೇಬೇಕು ಎನ್ನುತ್ತಾರೆ. ಚೈನ್ ಕವರ್ ತೆಗೆಯದೆ ಆಗುತ್ತದೆಯೇ? ಟೈಮಿಂಗ್ ತಪ್ಪದಂತೆ ನೋಡಿಕೊಳ್ಳುವುದು ಹೇಗೆ? ಪಕ್ಕದ ಊರಿನ ಗೆಳೆಯನ ಗ್ಯಾರೇಜಿನಲ್ಲಿ ಇಂಥದ್ದೇ ಕೆಲಸದಲ್ಲಿ ಕ್ಯಾಂಶಾಫ್ಟನ್ನು ಹೆಡ್ಡಿಗೆ ಹಿಡಿದಿಡುವ ಕ್ಯಾಪ್ ಒಡೆದು ಹೆಡ್ಡೇ ಹೋಯಿತು. ಅದಕ್ಕೇ ಕೈ ಹಾಕಲು ಹಿಂಜರಿಕೆ. ಚೈನ್ ಕೂಡ ಹೊಸದು ಹಾಕಿಬಿಡಲೇ?

ಉತ್ತರ: ಚೈನ್ ಕವರ್ ತೆಗೆಯದೆ ಖಂಡಿತ ಆಗುತ್ತದೆ. ಟೊಯೊಟಾದವರೇ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಗ್ಯಾಪ್) ಕೆಲಸಕ್ಕೆ ಆ ದಾರಿಯನ್ನು ಇಟ್ಟಿದ್ದಾರೆ. ನೀವು ಹಿಂಜರಿಯುತ್ತಿರುವುದೂ ಒಳ್ಳೆಯದೇ. ಈ ಕೆಲಸ ಕಷ್ಟದ್ದೇನಲ್ಲ, ಆದರೆ ಅವಸರದಲ್ಲಿ ಮಾಡುವಂಥದ್ದೂ ಅಲ್ಲ. ಕ್ಯಾಂಶಾಫ್ಟ್ ಓಡುವಾಗ ಮುರಿಯುವುದು ಬಹಳ ಅಪರೂಪ. ಮುರಿಯುವುದು, ಕ್ಯಾಪ್ ಸೀಳುವುದು, ಥ್ರೆಡ್ ಕಿತ್ತು ಬರುವುದು ಹೆಚ್ಚಾಗಿ ನಾವು ಬಿಚ್ಚುವಾಗ, ಇಲ್ಲವೇ ಕೂರಿಸುವಾಗ.

ನಿಮ್ಮ ಮುಂದಿರುವುದು 1ಜೆಡ್‌ಜೆಡ್-ಎಫ್‌ಇ ಎಂಜಿನ್. 1794 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, ಹೆಡ್ ಮೇಲೆ ಎರಡು ಕ್ಯಾಂಶಾಫ್ಟ್, ಎರಡನ್ನೂ ಓಡಿಸುವುದು ಒಂದೇ ಚೈನ್. ಇನ್‌ಟೇಕ್ ಶಾಫ್ಟಿನ ತುದಿಯಲ್ಲಿ ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ವಿವಿಟಿ-ಐ ಸ್ಪ್ರಾಕೆಟ್ (ಹಲ್ಲುಗಾಲಿ) ಇದೆ. ಈ ಕೊರೊಲಾ 2003ರಿಂದ ನಮ್ಮ ಬಿಡದಿಯಲ್ಲೇ ತಯಾರಾಗಿ ಹೊರಬಂದ ಗಾಡಿ, ಹಾಗಾಗಿ ಕರ್ನಾಟಕದಲ್ಲಿ ಇನ್ನೂ ಸಾಕಷ್ಟು ಓಡುತ್ತಿವೆ. ಮಾರುತಿ 800ರಲ್ಲಿ ರಾಕರ್ ಮೇಲಿನ ಲಾಕ್ ನಟ್ ಸಡಿಲಿಸಿ ಸ್ಕ್ರೂ ತಿರುಗಿಸಿದರೆ ಗ್ಯಾಪ್ ಸರಿಹೋಗುತ್ತಿತ್ತು. ಇಲ್ಲಿ ರಾಕರ್ರೇ ಇಲ್ಲ. ಕ್ಯಾಂ ಲೋಬ್ (ಶಾಫ್ಟಿನ ಉಬ್ಬು) ನೇರವಾಗಿ, ವಾಲ್ವ್ ಮೇಲೆ ಬಟ್ಟಲಿನಂತೆ ಕೂತ ಬಕೆಟ್ ತಲೆಯ ಮೇಲೆ ಒತ್ತುತ್ತದೆ, ಬಕೆಟ್ ವಾಲ್ವನ್ನು ಒತ್ತುತ್ತದೆ. ಗ್ಯಾಪ್ ಬದಲಿಸಬೇಕಾದರೆ ಬೇರೆ ದಪ್ಪದ ಬಕೆಟ್ ಹಾಕಬೇಕು. ಬಕೆಟ್ ತೆಗೆಯಲು ಮೇಲಿನ ಶಾಫ್ಟ್ ಏಳಬೇಕು.

ಬಿಚ್ಚುವ ಮೊದಲು ಒಂದು ಮಾತು. ನಿಮ್ಮ ಪ್ರಶ್ನೆಯಲ್ಲಿ ನನಗೆ ಸೌಂಡಿಗಿಂತ ಹೆಚ್ಚು ಕಳವಳ ತಂದದ್ದು ಬಿಸಿಯಾದ ಮೇಲೆ ಹೊಡೆಯುವ ಆ ಮಿಸ್. ಸಡಿಲವಾದ ವಾಲ್ವ್ ಟಿಕ್ ಟಿಕ್ ಎಂದು ಕೂಗಿ ಹೇಳುತ್ತದೆ. ಬಿಗಿಯಾದ ವಾಲ್ವ್ ಸದ್ದೇ ಮಾಡುವುದಿಲ್ಲ, ಹಾಳು ಮಾಡುವುದು ಅದೇ. ಗ್ಯಾಸ್ ಮೇಲೆ ಓಡಿದ ಎಂಜಿನ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟ್ ಬೇಗ ಸವೆದು ವಾಲ್ವ್ ಮೇಲಕ್ಕೆ ಸರಿಯುತ್ತದೆ, ಅದರ ತುದಿ ಬಕೆಟ್ಟನ್ನು ಲೋಬ್ ಕಡೆಗೆ ತಳ್ಳುತ್ತದೆ, ಗ್ಯಾಪ್ ಕಡಿಮೆಯಾಗುತ್ತ ಬರುತ್ತದೆ. ಬಿಸಿಗೆ ವಾಲ್ವ್ ಕಾಂಡ ಇನ್ನಷ್ಟು ಉದ್ದವಾದಾಗ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಸೀಟಿಗೆ ಒತ್ತಿ ಕೂತಾಗ ಮಾತ್ರ ವಾಲ್ವಿನ ಬಿಸಿ ಹೆಡ್ಡಿಗೆ ಇಳಿಯುತ್ತದೆ. ಕೂರದಿದ್ದರೆ ಅಂಚು ಸುಡುತ್ತದೆ. ಆದ್ದರಿಂದ ಮೊದಲು ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ನೋಡಿ. ಒಂದು ಸಿಲಿಂಡರ್ ಉಳಿದವುಗಳಿಗಿಂತ ತೀರಾ ಕಡಿಮೆ ಇದ್ದರೆ, ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆಂದು ನೋಡುವ ಲೀಕ್ ಟೆಸ್ಟ್ ಮಾಡಿ. ಸೈಲೆನ್ಸರ್ ಕಡೆಯಿಂದ ಗಾಳಿ ಬುಸುಗುಟ್ಟಿದರೆ ಎಕ್ಸಾಸ್ಟ್ ವಾಲ್ವ್ ಒಂದೋ ಬಿಗಿಯಾಗಿ ನಿಂತಿದೆ, ಇಲ್ಲವೇ ಸುಟ್ಟೇ ಹೋಗಿದೆ. ಮುಂದೆ ಕ್ಲಿಯರೆನ್ಸ್ ಅಳೆದಾಗ ಇದು ಸ್ಪಷ್ಟವಾಗುತ್ತದೆ. ಆ ಸಿಲಿಂಡರಿನ ಗ್ಯಾಪ್ ಸರಿಯಿದ್ದೂ ಗಾಳಿ ಸೋರುತ್ತಿದ್ದರೆ ಬಕೆಟ್ ಬದಲಿಸಿ ಫಲವಿಲ್ಲ, ಹೆಡ್ ಇಳಿಯಬೇಕು. ಈ ಸಾಧ್ಯತೆಯನ್ನು ಗ್ರಾಹಕರಿಗೆ ಮೊದಲೇ ಹೇಳಿಬಿಟ್ಟರೆ ಆಮೇಲೆ ಮಾತಿಗೆ ಮಾತು ಬೆಳೆಯುವುದಿಲ್ಲ.

ಆಯಿಲ್ ಮಟ್ಟವನ್ನೂ ನೋಡಿ. ಇಂಜೆಕ್ಟರ್ ಸದ್ದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುವ ಸದ್ದು, ಇವೂ ಟ್ಯಾಪೆಟ್ ಸೌಂಡಿನಂತೆಯೇ ಕೇಳುತ್ತವೆ. ಕಿವಿಗೆ ಸ್ಕ್ರೂಡ್ರೈವರ್ ಇಟ್ಟು ಕೇಳುವ ಹಳೆಯ ಕ್ರಮ ಇಲ್ಲೂ ಕೆಲಸ ಮಾಡುತ್ತದೆ.

ಈಗ ಅಳತೆಗೆ ಬರೋಣ. ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯೆಲ್ಲ ನಿಂತ ಗಾಡಿಯಾದರೆ ಉತ್ತಮ. ಬ್ಯಾಟರಿ ನೆಗೆಟಿವ್ ತೆಗೆಯಿರಿ. ನಾಲ್ಕು ಇಗ್ನಿಷನ್ ಕಾಯಿಲ್, ನಾಲ್ಕು ಪ್ಲಗ್ ಬಿಚ್ಚಿ. ಪ್ಲಗ್ ಇಲ್ಲದಿದ್ದರೆ ಕ್ರ್ಯಾಂಕ್ ಹಗುರವಾಗಿ ತಿರುಗುತ್ತದೆ, ನಿಲ್ಲಿಸಬೇಕಾದ ಜಾಗದಲ್ಲೇ ನಿಲ್ಲುತ್ತದೆ. ಹೆಡ್ ಕವರ್ ತೆಗೆಯುವ ಮೊದಲು ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆದುಬಿಡಿ. ಹಳ್ಳಿ ರಸ್ತೆಯ ಕೆಂಪು ಧೂಳು ಜರ್ನಲ್ (ಶಾಫ್ಟ್ ಕೂತು ತಿರುಗುವ ಭಾಗ) ಮೇಲೆ ಬಿದ್ದರೆ ಎಮರಿ ಪುಡಿ ಹಾಕಿದ ಲೆಕ್ಕವೇ.

ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ 19ರ ಸಾಕೆಟ್ ಹಾಕಿ ಪ್ರದಕ್ಷಿಣೆಯಾಗಿ ಮಾತ್ರ ತಿರುಗಿಸಿ. ಪುಲ್ಲಿಯ ಗೀಟು ಕವರ್ ಮೇಲಿನ ಸೊನ್ನೆಗೆ ಬರಬೇಕು, ಎರಡೂ ಸ್ಪ್ರಾಕೆಟ್ಟಿನ ಚುಕ್ಕೆಗಳು ಹೆಡ್ಡಿನ ಮೇಲ್ಮೈಗೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಒಂದನೇ ಸಿಲಿಂಡರಿನ ಬಕೆಟ್‌ಗಳು ಸಡಿಲವಾಗಿರಬೇಕು, ನಾಲ್ಕನೆಯದರವು ಬಿಗಿ. ಹಾಗಿಲ್ಲದಿದ್ದರೆ ಇನ್ನೊಂದು ಪೂರ್ತಿ ಸುತ್ತು ಹಾಕಿ. ಈ ಸ್ಥಿತಿಯಲ್ಲಿ ಇನ್‌ಟೇಕ್ 1, 2 ಮತ್ತು ಎಕ್ಸಾಸ್ಟ್ 1, 3ರ ವಾಲ್ವ್‌ಗಳನ್ನು ಅಳೆಯಿರಿ. ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿ ಇನ್‌ಟೇಕ್ 3, 4 ಮತ್ತು ಎಕ್ಸಾಸ್ಟ್ 2, 4 ಅಳೆಯಿರಿ. ತಣ್ಣನೆಯ ಎಂಜಿನ್‌ನಲ್ಲಿ ಇನ್‌ಟೇಕ್ 0.15ರಿಂದ 0.25 ಮಿ.ಮೀ., ಎಕ್ಸಾಸ್ಟ್ 0.25ರಿಂದ 0.35 ಮಿ.ಮೀ. ಒಳಗಿರಬೇಕು. ಹದಿನಾರೂ ಅಂಕಿಗಳನ್ನು ಕಾಗದದ ಮೇಲೆ ಬರೆಯಿರಿ. ಶಾಫ್ಟ್ ಎದ್ದ ಮೇಲೆ ಈ ಅಂಕಿಗಳನ್ನು ಮತ್ತೆ ಪಡೆಯಲು ಆಗುವುದಿಲ್ಲ, ಬೇಕೆಂದರೆ ಎಲ್ಲವನ್ನೂ ಮರಳಿ ಕಟ್ಟಬೇಕು.

ಅಳೆದಾದ ಮೇಲೆ ಮತ್ತೆ ಒಂದನೇ ಸಿಲಿಂಡರನ್ನು ಟಿಡಿಸಿಗೆ, ಅಂದರೆ ಪಿಸ್ಟನ್ ತುತ್ತತುದಿಗೆ ಬಂದ ಮೊದಲಿನ ಸ್ಥಿತಿಗೆ, ತನ್ನಿ. ಇನ್ನು ಟೈಮಿಂಗ್. ಬಿಳಿ ಪೇಂಟ್ ಮಾರ್ಕರ್ ತೆಗೆದುಕೊಂಡು ಎರಡೂ ಸ್ಪ್ರಾಕೆಟ್ಟಿನ ಒಂದೊಂದು ಹಲ್ಲಿಗೂ, ಆ ಹಲ್ಲು ಕೂತಿರುವ ಚೈನ್ ಕೊಂಡಿಗೂ ಗುರುತು ಹಾಕಿ. ಮೊದಲು ಆಯಿಲ್ ಒರೆಸಿ, ಇಲ್ಲದಿದ್ದರೆ ಪೇಂಟ್ ಹಿಡಿಯದೆ ಅರ್ಧ ದಾರಿಯಲ್ಲಿ ಅಳಿಸಿಹೋಗುತ್ತದೆ. ಮೊಬೈಲಿನಲ್ಲಿ ಫೋಟೊ ಕೂಡ ಹಿಡಿದಿಡಿ. ಸ್ಪ್ರಾಕೆಟ್ ಕೆಳಗಿನ ಬಾಯಿಗೆ ನೂಲು ಬಿಡದ ಒಳ್ಳೆ ಬಟ್ಟೆ ತುರುಕಿ. ಅಲ್ಲಿ ಬಿದ್ದ ಒಂದು ಬೋಲ್ಟ್ ತೆಗೆಯಲು ಚೈನ್ ಕವರ್ರೇ ಬಿಚ್ಚಬೇಕಾಗಬಹುದು.

ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಚೈನ್ ಕವರಿಗೆ ಹೊರಗಿನಿಂದಲೇ ಎರಡು ನಟ್‌ನಲ್ಲಿ ಕೂತಿದೆ. ನಟ್ ತೆಗೆದು ಅದನ್ನು ಹೊರಗೆಳೆಯಿರಿ. ಈ ಕೆಲಸ ಚೈನ್ ಕವರ್ ತೆಗೆಯದೆ ಆಗುವುದು ಈ ಒಂದು ಅನುಕೂಲದಿಂದ. ಟೆನ್ಷನರ್ ಹೊರಬಂದ ಗಳಿಗೆಯಿಂದ ಅದು ಮತ್ತೆ ಕೂರುವವರೆಗೆ ಕ್ರ್ಯಾಂಕ್ ಅಲುಗಬಾರದು. ಗಾಡಿ ಗೇರಿನಲ್ಲಿ ಇರಬಾರದು, ಯಾರೂ ತಳ್ಳಬಾರದು. ವಾಲ್ವ್ ಪಿಸ್ಟನ್‌ಗೆ ತಾಗುವ ಎಂಜಿನ್ ಎಂದೇ ತಿಳಿದು ಕೆಲಸ ಮಾಡಿ.

ಎಕ್ಸಾಸ್ಟ್ ಶಾಫ್ಟಿನ ನಡುವೆ ಸ್ಪ್ಯಾನರ್ ಹಿಡಿಯಲೆಂದೇ ಆರು ಮೂಲೆಯ ಭಾಗ ಇದೆ. ಅಲ್ಲಿ ಸ್ಪ್ಯಾನರ್ ಕೊಟ್ಟು ಶಾಫ್ಟನ್ನು ಅಲುಗದಂತೆ ಹಿಡಿದು ಸ್ಪ್ರಾಕೆಟ್ ಬೋಲ್ಟ್ ಸಡಿಲಿಸಿ. ಚೈನನ್ನೇ ಆಧಾರ ಮಾಡಿಕೊಳ್ಳುವುದು, ಹಲ್ಲುಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸುವುದು ಬೇಡವೇ ಬೇಡ. ವಿವಿಟಿ-ಐ ಸ್ಪ್ರಾಕೆಟ್ಟಿನ ಮುಖದ ಮೇಲಿರುವ ಸಣ್ಣ ಬೋಲ್ಟುಗಳನ್ನು ಮುಟ್ಟಬೇಡಿ, ಅದರೊಳಗೆ ಆಯಿಲ್ ಒತ್ತಡದಲ್ಲಿ ಓಡುವ ರೆಕ್ಕೆಗಳಿವೆ. ಅದು ಇನ್‌ಟೇಕ್ ಶಾಫ್ಟಿನ ಜೊತೆಗೇ ಇಡಿಯಾಗಿ ಏಳಲಿ.

ಕ್ಯಾಪ್ ಒಡೆಯುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಟ್ಟು 9 ಕ್ಯಾಪ್, 19 ಬೋಲ್ಟ್. ಮುಂದಿನ ಒಂದನೇ ಕ್ಯಾಪ್ ಎರಡೂ ಶಾಫ್ಟಿಗೆ ಸೇರಿದ್ದು, ಅದಕ್ಕೆ ಮೂರು ಬೋಲ್ಟ್. ಉಳಿದ ಎಂಟಕ್ಕೆ ಎರಡೆರಡು. ಒಂದನೇ ಸಿಲಿಂಡರ್ ಟಿಡಿಸಿಯಲ್ಲಿ ನಿಂತಾಗ ಶಾಫ್ಟ್ ಮೇಲೆ ಎಲ್ಲ ಕಡೆ ಒಂದೇ ಒತ್ತಡ ಇರುವುದಿಲ್ಲ. ಫೈರಿಂಗ್ ಆರ್ಡರ್ 1-3-4-2. ಅಂದರೆ ಆ ಹೊತ್ತಿಗೆ 2ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್‌ಗಳು ತೆರೆದಿವೆ, 3ನೆಯದರ ಇನ್‌ಟೇಕ್ ವಾಲ್ವ್‌ಗಳು ಇನ್ನೂ ಪೂರ್ತಿ ಮುಚ್ಚಿಲ್ಲ, 4ನೆಯದರಲ್ಲಿ ಒಂದು ಜೋಡಿ ಮುಚ್ಚುತ್ತ ಇನ್ನೊಂದು ತೆರೆಯುವ ಹಂತದಲ್ಲಿದೆ. ಒಂದನೇ ಸಿಲಿಂಡರಿನ ಲೋಬ್‌ಗಳು ಆಕಾಶ ನೋಡುತ್ತಿವೆ, ಅಲ್ಲಿ ಒತ್ತಡವೇ ಇಲ್ಲ. ಹೀಗೆ ಅದುಮಿದ ಸ್ಪ್ರಿಂಗುಗಳು ಎಕ್ಸಾಸ್ಟ್ ಶಾಫ್ಟನ್ನು 2ನೇ ಸಿಲಿಂಡರಿನ ಬಳಿ, ಇನ್‌ಟೇಕ್ ಶಾಫ್ಟನ್ನು 3ನೆಯದರ ಬಳಿ ಬಲವಾಗಿ ಮೇಲಕ್ಕೆ ನೂಕುತ್ತಿರುತ್ತವೆ. ಒತ್ತಡವಿರುವ ಜಾಗದ ಕ್ಯಾಪ್ ಒಂದನ್ನೇ ಪೂರ್ತಿ ಬಿಚ್ಚಿದರೆ ಶಾಫ್ಟ್ ಅಲ್ಲಿ ಏಳಲು ನೋಡುತ್ತದೆ, ಪಕ್ಕದ ಕ್ಯಾಪ್‌ಗಳು ಬಿಡುವುದಿಲ್ಲ. ಶಾಫ್ಟ್ ಗಟ್ಟಿ, ಬಾಗುವ ಗುಣ ಕಡಿಮೆ. ಕ್ಯಾಪ್ ಅಲ್ಯೂಮಿನಿಯಂ. ಎಳೆದಾಟದಲ್ಲಿ ಬಡವಾಗುವುದು ಕ್ಯಾಪ್.

ಅಷ್ಟಾದರೆ ಹೊಸ ಕ್ಯಾಪ್ ತಂದು ಹಾಕಿದರಾಯಿತಲ್ಲ ಎಂದರೆ, ಆಗುವುದಿಲ್ಲ. ಕ್ಯಾಪ್‌ಗಳನ್ನು ಹೆಡ್ಡಿಗೆ ಬಿಗಿದ ಮೇಲೆಯೇ ಜರ್ನಲ್ ರಂಧ್ರವನ್ನು ಕೊರೆದಿರುತ್ತಾರೆ. ಆ ಕ್ಯಾಪ್ ಆ ಹೆಡ್ಡಿನ ಆ ಜಾಗಕ್ಕೆ ಮಾತ್ರ ಸೇರಿದ್ದು. ಬೇರೆ ಹೆಡ್ಡಿನದು ತಂದರೆ ರಂಧ್ರ ದುಂಡಗೆ ಕೂರುವುದಿಲ್ಲ. ನಿಮ್ಮ ಗೆಳೆಯರ ಹೆಡ್ ಹೋದದ್ದು ಈ ಕಾರಣಕ್ಕೆ. ಅಲ್ಲಿ ಏನಾಯಿತೋ ನಾನು ನೋಡಿಲ್ಲ, ಆದರೆ ಇಂಥ ಹೆಡ್‌ಗಳಲ್ಲಿ ಹೆಚ್ಚಿನವು ಏರ್ ಗನ್ ಹಿಡಿದು ಒಂದು ತುದಿಯಿಂದ ಸಾಲಾಗಿ ಬೋಲ್ಟ್ ಎಬ್ಬಿಸಿಕೊಂಡು ಹೋದವೇ ಆಗಿರುತ್ತವೆ.

ಹಾಗಾಗಿ ಇಡೀ ಶಾಫ್ಟ್ ಸಮವಾಗಿ ಏಳುವಂತೆ ಮಾಡಬೇಕು. ಮ್ಯಾನುಯಲ್‌ನಲ್ಲಿ ಚಿತ್ರಸಹಿತ ಕ್ರಮಸಂಖ್ಯೆ ಇದೆ, ಅದನ್ನು ಅಚ್ಚು ಹಾಕಿಸಿ ಬಾನೆಟ್ಟಿಗೆ ಅಂಟಿಸಿಕೊಳ್ಳಿ. ಸಾಮಾನ್ಯ ಸೂತ್ರ ಏನೆಂದರೆ ಬಿಚ್ಚುವಾಗ ತುದಿಗಳಿಂದ ನಡುವಿಗೆ, ಕಟ್ಟುವಾಗ ನಡುವಿನಿಂದ ತುದಿಗಳಿಗೆ. ಕೈಯ ರಾಟ್ಚೆಟ್ಟಿನಲ್ಲಿ ಪ್ರತಿ ಬೋಲ್ಟಿಗೆ ಕಾಲು ಸುತ್ತು, ಅಷ್ಟೇ. ಕ್ರಮ ಮುಗಿಸಿ ಮತ್ತೆ ಮೊದಲಿನಿಂದ ಕಾಲು ಸುತ್ತು. ಎರಡು ಮೂರು ಸುತ್ತಿನ ನಂತರ ಕ್ಯಾಪ್ ಮತ್ತು ಹೆಡ್ ನಡುವೆ ಕೂದಲೆಳೆಯಷ್ಟು ಸಂದು ಕಾಣಿಸುತ್ತದೆ. ಆ ಸಂದು ಉದ್ದಕ್ಕೂ ಸಮವಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಒಂದು ಕಡೆ ಹೆಚ್ಚು, ಒಂದು ಕಡೆ ಇಲ್ಲವೇ ಇಲ್ಲ ಎಂದರೆ ಅಲ್ಲಿಗೇ ನಿಲ್ಲಿಸಿ, ಹಿಂದುಳಿದ ಕ್ಯಾಪನ್ನು ಮೊದಲು ಸಡಿಲಿಸಿ. ಬೋಲ್ಟುಗಳು ಬೆರಳಿಗೆ ತಿರುಗುವಷ್ಟು ಹಗುರಾದ ಮೇಲೆ ಪೂರ್ತಿ ತೆಗೆಯಬಹುದು. ಕ್ಯಾಪ್ ಅಂಟಿಕೊಂಡಿದ್ದರೆ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಯಾವ ಕ್ಯಾಪ್ ಎಲ್ಲಿಯದು, ಯಾವ ಮುಖ ಮುಂದೆ ಎಂಬುದು ಅದರ ಮೇಲೆಯೇ ಅಂಕಿ, ಬಾಣದ ಗುರುತಿನಲ್ಲಿದೆ.

ಮೊದಲು ಎಕ್ಸಾಸ್ಟ್ ಶಾಫ್ಟ್. ಸ್ಪ್ರಾಕೆಟ್ಟನ್ನು ಶಾಫ್ಟಿನಿಂದ ಬಿಡಿಸಿ, ಶಾಫ್ಟ್ ಎತ್ತಿಕೊಳ್ಳಿ. ಆಮೇಲೆ ಇನ್‌ಟೇಕ್. ಒಂದು ಕೈಯಲ್ಲಿ ಚೈನ್ ಹಿಡಿದುಕೊಂಡೇ ಎತ್ತಿ, ತಕ್ಷಣ ಚೈನಿಗೆ ದಾರ ಕಟ್ಟಿ ಬಾನೆಟ್ ಕೊಂಡಿಗೆ ತೂಗುಹಾಕಿ. ಚೈನ್ ಬಿಗಿಯಾಗಿ ನಿಂತಿದ್ದರೆ ಕೆಳಗಿನ ಕ್ರ್ಯಾಂಕ್ ಸ್ಪ್ರಾಕೆಟ್ಟಿನಲ್ಲಿ ಹಲ್ಲು ಜಾರುವುದಿಲ್ಲ. ಇದಕ್ಕೊಬ್ಬ ಸಹಾಯಕ ಇದ್ದರೆ ಒಳ್ಳೆಯದು.

ಶಾಫ್ಟ್‌ಗಳನ್ನು ಒರೆಸಿ ಬೆಳಕಿನಲ್ಲಿ ನೋಡಿ. ಲೋಬ್ ತುದಿಯಲ್ಲಿ ಕುಳಿ, ಪದರ ಎದ್ದ ಗುರುತು ಇದೆಯೇ? ಜರ್ನಲ್ ಮೇಲೆ ಉಗುರು ಅಡ್ಡಲಾಗಿ ಎಳೆದರೆ ಗೀರಿಗೆ ಸಿಕ್ಕುತ್ತದೆಯೇ? ಸಿಕ್ಕಿದರೆ ಹೆಡ್ಡಿನ ಕಡೆಯ ಮೈಯನ್ನೂ ಅಷ್ಟೇ ಎಚ್ಚರದಿಂದ ನೋಡಿ. ಹತ್ತಿರದಲ್ಲಿ ಒಳ್ಳೆಯ ಲೇತ್ ಅಂಗಡಿ ಇದ್ದರೆ ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್‌ನಲ್ಲಿ ಶಾಫ್ಟ್ ಬಾಗಿದೆಯೇ ಎಂದು ನೋಡಿಸಬಹುದು.

ಬಕೆಟ್‌ಗಳನ್ನು ಮ್ಯಾಗ್ನೆಟ್‌ನಿಂದ ಎತ್ತಿ, ಇಕ್ಕಳ ಬೇಡ. ಎತ್ತಿದ ಕ್ರಮದಲ್ಲೇ ಮೊಟ್ಟೆ ಟ್ರೇಯಲ್ಲಿ ಇಟ್ಟು ಸಿಲಿಂಡರ್ ಸಂಖ್ಯೆ ಬರೆಯಿರಿ. ಈ ಎಂಜಿನ್‌ಗೆ 5.06ರಿಂದ 5.74 ಮಿ.ಮೀ. ವರೆಗೆ 0.02 ಅಂತರದಲ್ಲಿ 35 ಅಳತೆಯ ಬಕೆಟ್‌ಗಳಿವೆ. ಸವೆದ ಬಕೆಟ್ಟಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ನೀವೇ ಅಳೆಯಿರಿ. ಲೆಕ್ಕ ಸುಲಭ: ಅಳೆದ ಗ್ಯಾಪ್‌ನಿಂದ ಇನ್‌ಟೇಕ್‌ಗೆ 0.20, ಎಕ್ಸಾಸ್ಟ್‌ಗೆ 0.30 ಕಳೆಯಿರಿ, ಉಳಿದದ್ದನ್ನು ಹಳೆಯ ಬಕೆಟ್ ದಪ್ಪಕ್ಕೆ ಕೂಡಿಸಿ. ಇನ್‌ಟೇಕ್ ಗ್ಯಾಪ್ 0.34, ಬಕೆಟ್ 5.30 ಇದ್ದರೆ ಬೇಕಾದದ್ದು 5.44. ಎಕ್ಸಾಸ್ಟ್ ಗ್ಯಾಪ್ 0.19, ಬಕೆಟ್ 5.42 ಇದ್ದರೆ ಉಳಿಕೆ ಮೈನಸ್ 0.11, ಅಂದರೆ 5.31 ಬೇಕು. ಸಿಗುವುದು 5.30 ಅಥವಾ 5.32. ಗ್ಯಾಸ್ ಗಾಡಿಯಾದ್ದರಿಂದ ನಾನಾದರೆ 5.30 ಹಾಕುತ್ತೇನೆ, ಸೀಟ್ ಮುಂದೆಯೂ ಸವೆಯುವುದರಿಂದ ಗ್ಯಾಪ್ ಒಂದಿಷ್ಟು ಹೆಚ್ಚಿನ ಕಡೆಗಿರಲಿ. ಹಳೆಯ ಬಕೆಟ್‌ಗಳನ್ನೇ ಜಾಗ ಬದಲಿಸಿ ಲೆಕ್ಕ ಹೊಂದಿಸುವವರಿದ್ದಾರೆ. ಲೋಬ್ ಮತ್ತು ಬಕೆಟ್ ಒಂದಕ್ಕೊಂದು ಒಗ್ಗಿ ಸವೆದಿರುತ್ತವೆ, ಆದ್ದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಬಕೆಟ್ ಬರುವವರೆಗೆ ಹೆಡ್ ಮೇಲೆ ಚೊಕ್ಕ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ.

ಕೂರಿಸುವುದು ಬಿಚ್ಚಿದ್ದರ ತಿರುಗುಮುರುಗು, ಆದರೆ ಇಲ್ಲಿ ಗಮನಿಸಬೇಕಾದದ್ದು ಇನ್ನೂ ಹೆಚ್ಚು. ಬಕೆಟ್‌ಗೆ ಆಯಿಲ್ ಹಚ್ಚಿ ಇಳಿಸಿ, ಬೆರಳಲ್ಲಿ ತಿರುಗಬೇಕು. ಬೋಲ್ಟ್ ರಂಧ್ರಗಳಲ್ಲಿ ನಿಂತ ಆಯಿಲನ್ನು ಗಾಳಿಯಿಂದ ಊದಿ ತೆಗೆಯಿರಿ. ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ತಳಮುಚ್ಚಿದ ರಂಧ್ರದಲ್ಲಿ ಆಯಿಲ್ ತುಂಬಿದ್ದರೆ ಬೋಲ್ಟ್ ಇಳಿಯಲು ಜಾಗವಿಲ್ಲ, ಬಿಗಿದಂತೆ ಅಲ್ಯೂಮಿನಿಯಂ ಸೀಳುತ್ತದೆ. ರಂಧ್ರ ಒಣಗಿರಲಿ, ಬೋಲ್ಟಿನ ಥ್ರೆಡ್‌ಗೆ ಮತ್ತು ತಲೆಯ ಅಡಿಗೆ ಮಾತ್ರ ತೆಳ್ಳಗೆ ಆಯಿಲ್ ಸವರಿ. ಜರ್ನಲ್, ಲೋಬ್‌ಗಳಿಗೆ ಧಾರಾಳವಾಗಿ ಹಾಕಿ.

ಇನ್‌ಟೇಕ್ ಶಾಫ್ಟನ್ನು ಮೊದಲು, ಪೇಂಟ್ ಗುರುತಿಗೆ ಪೇಂಟ್ ಗುರುತು ಸೇರಿಸಿ ಚೈನ್ ಏರಿಸುತ್ತ ಕೂರಿಸಿ. ಎಕ್ಸಾಸ್ಟ್ ಸ್ಪ್ರಾಕೆಟ್ಟನ್ನೂ ಚೈನಿನ ಗುರುತಿಗೆ ಕೂಡಿಸಿ, ಶಾಫ್ಟಿನ ಪಿನ್ ಸ್ಪ್ರಾಕೆಟ್ ರಂಧ್ರಕ್ಕೆ ಸರಿಯಾಗಿ ಇಳಿದ ಮೇಲೆಯೇ ಬೋಲ್ಟ್ ಕೊಡಿ. ಕ್ಯಾಪ್ ಬೋಲ್ಟುಗಳನ್ನು ಮೊದಲು ಬೆರಳಲ್ಲಿ, ಆಮೇಲೆ ಕಾಲು ಸುತ್ತಿನಂತೆ ಹಲವು ಬಾರಿ ಇಳಿಸಿ. ಕ್ಯಾಪ್‌ಗಳು ಹೆಡ್ಡಿಗೆ ಕೂತ ಮೇಲೆ ಟಾರ್ಕ್ ರೆಂಚ್: ಒಂದನೇ ಕ್ಯಾಪ್ 23 ನ್ಯೂಟನ್ ಮೀಟರ್, ಉಳಿದವು 13. ಸ್ಪ್ರಾಕೆಟ್ ಬೋಲ್ಟ್ 54. ಟೆನ್ಷನರ್ ನಟ್ 9.

ಟಾರ್ಕ್ ರೆಂಚ್ ಬೇಕೇ ಎಂದರೆ, ಬೇಕೇ ಬೇಕು. ಅದೂ ಚಕ್ರದ ನಟ್ ಬಿಗಿಯುವ ದೊಡ್ಡದು ಅಲ್ಲ, ಅದರಲ್ಲಿ 13 ನ್ಯೂಟನ್ ಮೀಟರ್ ತೋರಿಸುವುದೇ ಇಲ್ಲ. 5ರಿಂದ 25 ತೋರಿಸುವ ಚಿಕ್ಕದೊಂದನ್ನು ಕೊಳ್ಳಿ. 13 ಅಂದರೆ 1.3 ಕೆಜಿ ಮೀಟರ್ ಆಸುಪಾಸು, ನಿಮ್ಮ ಕೈ ಹೆಡ್ ಬೋಲ್ಟಿಗೆ ಒಗ್ಗಿದ್ದರೆ ಇಷ್ಟು ಕಡಿಮೆ ಬಿಗಿತದಲ್ಲಿ ಸಮಾಧಾನವಾಗುವುದಿಲ್ಲ, ಇನ್ನೊಂದಿಷ್ಟು ಎಳೆದುಬಿಡುತ್ತದೆ. ಒಂದು ಹೆಡ್ಡಿನ ಬೆಲೆಯ ಮುಂದೆ ಆ ರೆಂಚ್ ಏನೂ ಅಲ್ಲ.

ಟೆನ್ಷನರ್ ಕೂರಿಸುವ ಮೊದಲು ಅದರ ಒ-ರಿಂಗ್ ಹೊಸದು ಹಾಕಿ. ಈ ಎಂಜಿನ್‌ನಲ್ಲಿ ಆಯಿಲ್ ಒಸರುವ ಜಾಗಗಳಲ್ಲಿ ಅದೂ ಒಂದು. ಟೆನ್ಷನರಿನಿಂದ ಹೊರಚಾಚುವ ಪ್ಲಂಜರನ್ನು ಪೂರ್ತಿ ಒಳಕ್ಕೆ ಒತ್ತಿ ಕೊಕ್ಕೆಯನ್ನು ಪಿನ್‌ಗೆ ಸಿಕ್ಕಿಸಿ ಕೂರಿಸಿ. ನಟ್ ಬಿಗಿದ ಮೇಲೆ ಕ್ರ್ಯಾಂಕನ್ನು ಒಂದಿಷ್ಟು ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಕೊಕ್ಕೆ ಕಳಚಿ ಪ್ಲಂಜರ್ ಹೊರಬರುತ್ತದೆ. ಕ್ರ್ಯಾಂಕನ್ನು ಹಿಮ್ಮುಖ ತಿರುಗಿಸಬೇಕಾದದ್ದು ಇದೊಂದೇ ಸಲ. ಕೊಕ್ಕೆ ಕಳಚದೆ ಗಾಡಿ ಸ್ಟಾರ್ಟ್ ಮಾಡಿದರೆ ಸಡಿಲ ಚೈನ್ ಹಲ್ಲು ಹಾರುತ್ತದೆ.

ಇನ್ನು ಬಟ್ಟೆ ತೆಗೆದು, ಕೈಯಲ್ಲೇ ಕ್ರ್ಯಾಂಕನ್ನು ಪ್ರದಕ್ಷಿಣೆಯಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್ ಮೇಲೆ ಕೂತಿದೆ ಎಂದರ್ಥ. ಸುತ್ತು ಮುಗಿದಾಗ ಪುಲ್ಲಿ ಗೀಟು, ಸ್ಪ್ರಾಕೆಟ್ ಚುಕ್ಕೆಗಳು ಮೊದಲಿನ ಜಾಗಕ್ಕೇ ಬರಬೇಕು. ಪೇಂಟ್ ಹಚ್ಚಿದ ಚೈನ್ ಕೊಂಡಿಗಳು ಆಗ ಬೇರೆಡೆ ಹೋಗಿರುತ್ತವೆ, ಅದಕ್ಕೆ ಗಾಬರಿ ಬೇಡ. ಮತ್ತೊಮ್ಮೆ ಹದಿನಾರೂ ಗ್ಯಾಪ್ ಅಳೆಯಿರಿ. ಚೈನ್ ಕವರ್ ಮತ್ತು ಹೆಡ್ ಸೇರುವ ಎರಡು ಜಾಗಕ್ಕೆ ಮಾತ್ರ ಸೀಲೆಂಟ್ ಹಾಕಿ, ಅದು ಒಣಗುವ ಮೊದಲು ಹೆಡ್ ಕವರ್ ಕೂರಿಸಿ. ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಹಾಕುವ ಮೊದಲು ಕೆಲವು ಸೆಕೆಂಡ್ ಸ್ಟಾರ್ಟರ್ ಹೊಡೆದರೆ ಆಯಿಲ್ ಮೇಲಕ್ಕೆ ಏರುತ್ತದೆ.

ಚೈನ್ ಬದಲಿಸಬೇಕೇ ಎಂಬುದಕ್ಕೆ ಟೆನ್ಷನರ್ ಹೊರತೆಗೆದಾಗಲೇ ಸುಳಿವು ಸಿಗುತ್ತದೆ. ಪ್ಲಂಜರ್ ತನ್ನ ಓಟದ ಕೊನೆಯವರೆಗೂ ಚಾಚಿಕೊಂಡಿದ್ದರೆ, ಇಲ್ಲವೇ ಬೆಳಗಿನ ಸ್ಟಾರ್ಟಿನಲ್ಲಿ ಚೈನ್ ಕಡೆಯಿಂದ ಗರಗರ ಸದ್ದು ಬರುತ್ತಿದ್ದರೆ ಚೈನ್ ಉದ್ದವಾಗಿದೆ. ಆಗ ಗೈಡ್‌ಗಳನ್ನೂ ಸೇರಿಸಿ ಬದಲಿಸುವುದು ಸರಿ. ಹಾಗಿಲ್ಲದಿದ್ದರೆ ಮುಟ್ಟಬೇಡಿ. ಚೈನ್ ಕವರ್ ತೆಗೆಯಲು ಎಂಜಿನ್‌ಗೆ ಕೆಳಗಿನಿಂದ ಆಧಾರ ಕೊಟ್ಟು ಬಲಗಡೆಯ ಮೌಂಟಿಂಗ್ ಬಿಚ್ಚಬೇಕು, 138 ನ್ಯೂಟನ್ ಮೀಟರಿನ ಪುಲ್ಲಿ ಬೋಲ್ಟ್ ಎಬ್ಬಿಸಬೇಕು. ಅದು ಬೇರೆಯದೇ ಕೆಲಸ, ಅದರ ಖರ್ಚೂ ಬೇರೆ. ಗ್ರಾಹಕರಿಗೆ ಇವೆರಡನ್ನೂ ಬೇರೆ ಬೇರೆಯಾಗಿಯೇ ಬರೆದುಕೊಡಿ. ಗ್ಯಾಸ್ ಮೇಲೆಯೇ ಓಡಿಸುತ್ತಾರೆಂದರೆ ಎಕ್ಸಾಸ್ಟ್ ಗ್ಯಾಪನ್ನು ವರ್ಷಕ್ಕೊಮ್ಮೆ ನೋಡಿಸಲು ಹೇಳಿ, ಅದಕ್ಕೆ ಹೆಡ್ ಕವರ್ ತೆಗೆದರೆ ಸಾಕು.